ಹಲ್ಲಿನ ಸುತ್ತಲಿನ ಬಿಳಿ ಗೆರೆ

ಹಲ್ಲಿನ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಕಣ್ಣು ಹೋಗುವುದು ಹಲ್ಲಿನ ಮೇಲೆ. ಹುಳುಕು ಎಷ್ಟು ಆಳಕ್ಕೆ ಇಳಿದಿದೆ, ಬೇರಿನ ತುದಿಯಲ್ಲಿ ಕೀವು ಕಟ್ಟಿದೆಯೇ, ಹಿಂದೆ ತುಂಬಿಸಿದ ಬೆಳ್ಳಿ ಗಟ್ಟಿಯಾಗಿ ಕೂತಿದೆಯೇ ಎಂಬುದಷ್ಟೇ ಪ್ರಶ್ನೆ. ಅದೇ ಫಿಲ್ಮಿನಲ್ಲಿ ಹಲ್ಲಿನ ಬೇರನ್ನು ಬಳಸಿಕೊಂಡು ಸಾಗುವ ತೆಳುವಾದ ಬಿಳಿ ಗೆರೆಯೊಂದು ಇರುತ್ತದೆ. ಹಲ್ಲು ಕೂತ ಕುಳಿಯ ಒಳಗೋಡೆಯ ಗಟ್ಟಿ ಮೂಳೆ ಅದು. ದಂತವೈದ್ಯರು ಲ್ಯಾಮಿನಾ ಡ್ಯೂರಾ ಎನ್ನುತ್ತಾರೆ. ಮೂತ್ರಪಿಂಡಗಳು ಸೋತು ವರ್ಷಗಳು ಕಳೆದ ಕೆಲವರ ಫಿಲ್ಮಿನಲ್ಲಿ ಈ ಗೆರೆ ಅಳಿಸಿಹೋಗಿರುತ್ತದೆ. ಸುತ್ತಲಿನ ಮೂಳೆಯೂ ಉಜ್ಜಿದ ಗಾಜಿನ ಹಾಗೆ ಮಂಕಾಗಿರುತ್ತದೆ. ಹಲ್ಲುಗಳಿಗೆ ಮಾತ್ರ ಏನೂ ಆಗಿರುವುದಿಲ್ಲ. ಪೂರ್ತಿ ಬೆಳೆದ ಹಲ್ಲು, ಮೂಳೆಯಂತಲ್ಲದೆ, ತನ್ನ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಅಂಥ ಚಿತ್ರದಲ್ಲಿ ಹಲ್ಲುಗಳು ಎಂದಿಗಿಂತ ಹೆಚ್ಚು ಎದ್ದು ಕಾಣುತ್ತವೆ.

ಕಿಡ್ನಿಗೂ ದವಡೆಗೂ ನಡುವೆ ಏನು ನಂಟು ಎಂಬುದು ಬಿಡಿಸಿಕೊಳ್ಳಲು ವೈದ್ಯಕೀಯಕ್ಕೆ ನೂರು ವರ್ಷಕ್ಕೂ ಮೇಲೆ ಹಿಡಿಯಿತು. ಎಳೆಯ ಒಂದು ತುದಿ ಸಿಕ್ಕಿದ್ದು ಘೇಂಡಾಮೃಗವೊಂದರ ಕುತ್ತಿಗೆಯಲ್ಲಿ. ಲಂಡನ್ನಿನ ಮೃಗಾಲಯ 1834ರಲ್ಲಿ ಕೊಂಡಿದ್ದ ಭಾರತದ ಘೇಂಡಾಮೃಗ 1849ರಲ್ಲಿ ಸತ್ತಾಗ ಅದನ್ನು ಕೊಯ್ದು ನೋಡಿದವನು ಅಂಗರಚನಾಶಾಸ್ತ್ರಜ್ಞ ರಿಚರ್ಡ್ ಓವನ್. ಥೈರಾಯ್ಡ್ ಗ್ರಂಥಿಗೆ ಅಂಟಿಕೊಂಡ ಹಳದಿ ಬಣ್ಣದ ಪುಟ್ಟ ಗಂಟೊಂದನ್ನು ಗುರುತು ಹಾಕಿಕೊಂಡು ಮುಂದೆ ಹೋದ. ಮನುಷ್ಯರಲ್ಲೂ ಅಂಥ ಗ್ರಂಥಿಗಳಿವೆ, ಸಾಮಾನ್ಯವಾಗಿ ನಾಲ್ಕು, ಎಂದು 1880ರಲ್ಲಿ ವಿವರವಾಗಿ ಬರೆದವನು ಸ್ವೀಡನ್ನಿನ ಉಪ್ಸಾಲದ ಇವಾರ್ ಸ್ಯಾಂಡ್‌ಸ್ಟ್ರೋಮ್. ಬೇಳೆಕಾಳಿನಷ್ಟು ಸಣ್ಣವಾದ ಈ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಕೆಲಸವೇನು ಎಂದು ಅವನಿಗೂ ಗೊತ್ತಿರಲಿಲ್ಲ.

ಕೆಲಸದ ಸುಳಿವು ಕೊಟ್ಟವು ಇಲಿಗಳ ಹಲ್ಲುಗಳು. ವಿಯೆನ್ನಾದ ಯಾಕೋಬ್ ಎರ್ಡ್‌ಹೈಮ್ 1906ರ ಸುಮಾರಿಗೆ ಇಲಿಗಳ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು ಸುಟ್ಟು ನೋಡಿದ. ಇಲಿಯ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಹೊಸದಾಗಿ ಬೆಳೆದ ಆ ಭಾಗದಲ್ಲಿ ಕ್ಯಾಲ್ಸಿಯಂ ಸರಿಯಾಗಿ ಕೂಡಿರಲಿಲ್ಲ. ಗ್ರಂಥಿಗೂ ಕ್ಯಾಲ್ಸಿಯಂಗೂ ಸಂಬಂಧವಿದೆ ಎಂಬುದು ಹೀಗೆ ಹೊರಬಿತ್ತು. ಆದರೆ ಎರ್ಡ್‌ಹೈಮ್ ಅಲ್ಲಿಂದ ಮುಂದೆ ಒಂದು ತಪ್ಪು ದಾರಿಯನ್ನೂ ತೋರಿಸಿಟ್ಟ. ಮೂಳೆ ಮೆತ್ತಗಾದ ರೋಗಿಗಳಲ್ಲಿ ಈ ಗ್ರಂಥಿಗಳು ದಪ್ಪಗಾಗಿರುವುದನ್ನು ಕಂಡು, ಮೂಳೆಯ ನಷ್ಟವನ್ನು ತುಂಬಿಕೊಡಲೆಂದೇ ಅವು ಊದಿಕೊಂಡಿವೆ ಎಂದ. ಅಂದರೆ ಅವನ ಲೆಕ್ಕದಲ್ಲಿ ಗ್ರಂಥಿ ಸಹಾಯಕ್ಕೆ ಬಂದದ್ದು.

ಈ ಮಾತನ್ನು ನಂಬಿ ಅದೇ ವಿಯೆನ್ನಾದ ಶಸ್ತ್ರವೈದ್ಯ ಫೆಲಿಕ್ಸ್ ಮಾಂಡ್ಲ್, ಮೂಳೆ ಮುರಿದು ನಡೆಯಲಾಗದೆ ಬಂದ ಒಬ್ಬ ಟ್ರಾಮ್ ನೌಕರನಿಗೆ ಮೊದಲು ಪ್ಯಾರಾಥೈರಾಯ್ಡ್ ಸತ್ವ ಕೊಟ್ಟ. ಗುಣವಾಗಲಿಲ್ಲ. ಅಪಘಾತದಲ್ಲಿ ಸತ್ತವನೊಬ್ಬನಿಂದ ಗ್ರಂಥಿಗಳನ್ನೇ ತಂದು ಕಸಿ ಮಾಡಿದ. ಅದರಿಂದಲೂ ಉಪಯೋಗವಾಗಲಿಲ್ಲ. ಕೊನೆಗೆ 1925ರ ಬೇಸಿಗೆಯಲ್ಲಿ ಉಲ್ಟಾ ಯೋಚಿಸಿ ರೋಗಿಯ ಕುತ್ತಿಗೆ ತೆರೆದು, ಅಲ್ಲಿದ್ದ ಪ್ಯಾರಾಥೈರಾಯ್ಡ್ ಗೆಡ್ಡೆಯನ್ನು ಕಿತ್ತು ಹಾಕಿದ. ಮನುಷ್ಯ ಎದ್ದು ಓಡಾಡಿದ. ಸಹಾಯಕ್ಕೆ ಬಂದಿದೆ ಎಂದುಕೊಂಡಿದ್ದ ಗ್ರಂಥಿಯೇ ಮೂಳೆಯನ್ನು ಕರಗಿಸುತ್ತಿತ್ತು.

ಅಟ್ಲಾಂಟಿಕ್ ದಾಟಿದರೆ ಬಾಸ್ಟನ್. ಅಲ್ಲಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ 1926ರಲ್ಲಿ ಬಂದ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್‌ನ ಹೆಸರು ಈ ಕ್ಷೇತ್ರದ ಎಲ್ಲ ಇತಿಹಾಸಗಳಲ್ಲೂ ಬರುತ್ತದೆ. ಆರಡಿ ಮೀರಿದ ಆಳು. ಬೆನ್ನುಮೂಳೆ ಕುಸಿದು ಏಳು ಇಂಚು ಗಿಡ್ಡನಾಗಿದ್ದ. ಮೂಳೆಯಿಂದ ಕರಗಿದ ಕ್ಯಾಲ್ಸಿಯಂ ಮೂತ್ರದಲ್ಲಿ ಇಳಿದು ಕಲ್ಲಾಗುತ್ತಿತ್ತು. ಕುತ್ತಿಗೆಯನ್ನು ಮತ್ತೆ ಮತ್ತೆ ತೆರೆದರೂ ಗೆಡ್ಡೆ ಸಿಗಲಿಲ್ಲ. ಅಂಗರಚನೆಯ ಪುಸ್ತಕಗಳನ್ನು ತಾನೇ ಓದಿಕೊಂಡ ಮಾರ್ಟೆಲ್, ಎದೆಗೂಡಿನಲ್ಲಿ ಹುಡುಕಿ ಎಂದು ವೈದ್ಯರನ್ನು ಒತ್ತಾಯಿಸಿದ. 1932ರಲ್ಲಿ, ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ, ಎದೆಯೊಳಗೇ ಗೆಡ್ಡೆ ಸಿಕ್ಕಿತು. ಆದರೆ ಅಷ್ಟರಲ್ಲಿ ಮೂತ್ರಪಿಂಡಗಳು ಕಲ್ಲಿನಿಂದ ಹಾಳಾಗಿದ್ದವು. ಮೂತ್ರನಾಳದ ಕಲ್ಲು ತೆಗೆಯುವ ಪ್ರಯತ್ನದ ನಂತರ, ಗೆಡ್ಡೆ ತೆಗೆದ ಕೆಲವೇ ವಾರಗಳಲ್ಲಿ ಅವನು ತೀರಿಕೊಂಡ.

ಮಾರ್ಟೆಲ್‌ನ ಸುತ್ತ ಸೇರಿದ್ದ ವೈದ್ಯರ ಗುಂಪಿನಿಂದಲೇ, ಮುಖ್ಯವಾಗಿ ಫುಲ್ಲರ್ ಆಲ್‌ಬ್ರೈಟ್‌ನಿಂದ, ಪ್ಯಾರಾಥೈರಾಯ್ಡ್ ಮತ್ತು ಮೂಳೆಯ ಆಧುನಿಕ ಶಾಸ್ತ್ರ ಬೆಳೆಯಿತು. ರಕ್ತದಲ್ಲಿ ಈ ಗ್ರಂಥಿಗಳ ಹಾರ್ಮೋನನ್ನು ಅಳೆಯುವ ದಾರಿ ಆಗ ಇರಲಿಲ್ಲ. ಕ್ಯಾಲ್ಸಿಯಂ, ರಂಜಕ ಅಳೆಯಬಹುದಿತ್ತು, ಉಳಿದದ್ದು ಎಕ್ಸ್‌ರೇ. ದವಡೆಯಲ್ಲಿ ಎದ್ದ ಗಂಟು, ಅಳಿಸಿಹೋದ ಬಿಳಿ ಗೆರೆ ಇವೆರಡೂ ಹೀಗೆ ಪಠ್ಯಪುಸ್ತಕ ಸೇರಿದವು. ರೋಗದ ಮೊದಲ ದೂರು ಹೊತ್ತು ದಂತವೈದ್ಯರ ಬಳಿ ಹೋದವರೂ ಇದ್ದರು: ಹಲ್ಲು ಸಡಿಲವಾಗಿದೆ, ಒಸಡಿನಲ್ಲಿ ಊತವಿದೆ ಎಂದು. ಊತವನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದು ದೈತ್ಯಕೋಶಗಳು ಮತ್ತು ಸೋರಿ ಹಳತಾದ ರಕ್ತದ ಕಂದು ಬಣ್ಣ. ಕಂದು ಗೆಡ್ಡೆ ಎಂದು ಕರೆಸಿಕೊಳ್ಳುವ ಇದು ನಿಜಕ್ಕೂ ಗೆಡ್ಡೆಯಲ್ಲ. ಗ್ರಂಥಿಯನ್ನು ಹದಕ್ಕೆ ತಂದರೆ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತದೆ. ಕೇವಲ ದವಡೆಗೆ ಸೀಮಿತವಾದ ಇನ್ನೊಂದು ದೈತ್ಯಕೋಶದ ಊತವೂ ಸೂಕ್ಷ್ಮದರ್ಶಕದಲ್ಲಿ ತದ್ರೂಪಿಯಾಗಿ ಕಾಣುತ್ತದಾದ್ದರಿಂದ, ಇಂದಿಗೂ ಅಂಥ ವರದಿ ಬಂದರೆ ಚಾಕು ಹಿಡಿಯುವ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ವಾಡಿಕೆ. ಆ ವಾಡಿಕೆಯನ್ನು ಮರೆತು ಸುಮ್ಮನೆ ದವಡೆ ಕೊಯ್ಯಿಸಿಕೊಂಡ ರೋಗಿಗಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ.

ಇಷ್ಟರಲ್ಲಿ ಹಲ್ಲಿನ ಎಕ್ಸ್‌ರೇ ಸ್ವತಃ ದೊಡ್ಡ ದಾರಿ ನಡೆದು ಬಂದಿತ್ತು. ರೋಂಟ್‌ಗೆನ್ ತನ್ನ ಕಿರಣಗಳ ಸುದ್ದಿಯನ್ನು 1895ರ ಡಿಸೆಂಬರ್ ಕೊನೆಗೆ ಪ್ರಕಟಿಸಿದ. ಎರಡೇ ವಾರದಲ್ಲಿ ಬ್ರೌನ್‌ಶ್ವೈಗ್‌ನ ದಂತವೈದ್ಯ ಒಟ್ಟೊ ವಾಲ್ಕ್‌ಹಾಫ್ ಗಾಜಿನ ತಟ್ಟೆಯ ತುಂಡನ್ನು ಬೆಳಕು ತಾಗದಂತೆ ಸುತ್ತಿ ತನ್ನದೇ ಬಾಯಲ್ಲಿ ಕಚ್ಚಿ ಹಿಡಿದು, 25 ನಿಮಿಷ ಅಲ್ಲಾಡದೆ ಕೂತು ಹಲ್ಲುಗಳ ಚಿತ್ರ ತೆಗೆಸಿಕೊಂಡ. ನ್ಯೂ ಆರ್ಲಿಯನ್ಸ್‌ನ ಎಡ್ಮಂಡ್ ಕೆಲ್ಸ್ ಅದೇ ವರ್ಷ ಈ ಕೆಲಸಕ್ಕೆ ಇಳಿದ. ಕಿರಣದ ಹದ ನೋಡಲು ತನ್ನ ಕೈಯನ್ನೇ ಕೊಳವೆಯ ಮುಂದೆ ಹಿಡಿಯುತ್ತಿದ್ದ ಅವನು ಬೆರಳುಗಳನ್ನು, ಆಮೇಲೆ ಕೈಯನ್ನು ಕ್ಯಾನ್ಸರ್‌ಗೆ ಕಳೆದುಕೊಂಡು 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡ. 1913ರಲ್ಲಿ ಕೂಲಿಡ್ಜ್ ರೂಪಿಸಿದ ಹೊಸ ಕೊಳವೆ ಮತ್ತು ಸಿದ್ಧವಾಗಿ ಸುತ್ತಿ ಮಾರಾಟಕ್ಕೆ ಬಂದ ಫಿಲ್ಮು ಈ ಸಾಹಸವನ್ನು ದಿನನಿತ್ಯದ ಕೆಲಸ ಮಾಡಿದವು.

ಮೂತ್ರಪಿಂಡದ ಕಡೆಯ ಕಥೆ ಪ್ರತ್ಯೇಕವಾಗಿ ಸಾಗುತ್ತಿತ್ತು. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1827ರಲ್ಲಿ ಮೂತ್ರದ ಆಲ್ಬ್ಯುಮಿನ್‌ಗೂ ಕೆಟ್ಟ ಕಿಡ್ನಿಗೂ ಗಂಟು ಹಾಕಿದ್ದ. ಅದೇ ಲಂಡನ್ನಿನಲ್ಲಿ 1883ರಲ್ಲಿ ಕ್ಲೆಮೆಂಟ್ ಲೂಕಸ್, ಮೂತ್ರದಲ್ಲಿ ಆಲ್ಬ್ಯುಮಿನ್ ಹೋಗುವ ಹದಿಹರೆಯದವರ ಕಾಲು ಬಾಗುತ್ತಿರುವುದನ್ನು ಗಮನಿಸಿ ಬರೆದ. ಬಹುಕಾಲ ಇದನ್ನು ಕಿಡ್ನಿಯ ರಿಕೆಟ್ಸ್ ಎಂದೇ ಕರೆಯುತ್ತಿದ್ದರು, ಮಕ್ಕಳ ಕಾಯಿಲೆ ಎಂದೇ ತಿಳಿದಿದ್ದರು. ಇದಕ್ಕೆ ವಿಶಾಲವಾದ ಚೌಕಟ್ಟು ಕೊಟ್ಟವರು ಪೀಕಿಂಗ್ ಯೂನಿಯನ್ ಮೆಡಿಕಲ್ ಕಾಲೇಜಿನ ಲಿಯು ಮತ್ತು ಚು ಎಂಬ ಇಬ್ಬರು ವೈದ್ಯರು. ರೀನಲ್ ಆಸ್ಟಿಯೋಡಿಸ್ಟ್ರೊಫಿ ಎಂಬ, ಇಂದಿಗೂ ಚಾಲ್ತಿಯಲ್ಲಿರುವ ಹೆಸರು ಅವರದು. ಅವರ ಮುಖ್ಯ ಬರಹಗಳು ಬಂದದ್ದು 1942–43ರಲ್ಲಿ. ಅಷ್ಟು ಹೊತ್ತಿಗೆ ಜಪಾನಿ ಸೇನೆ ಅವರ ಕಾಲೇಜನ್ನೇ ಮುಚ್ಚಿಸಿತ್ತು.

ಸಾಮಾನ್ಯ ವಿಟಮಿನ್ ಡಿ ಈ ರೋಗಿಗಳಿಗೆ ಏಕೆ ತಾಗುವುದಿಲ್ಲ ಎಂಬುದು ಲಿಯು ಮತ್ತು ಚು ಅವರನ್ನು ಕಾಡಿದ ಪ್ರಶ್ನೆ. ಉತ್ತರ ಬಂದದ್ದು 1970ರಲ್ಲಿ, ಕೇಂಬ್ರಿಜ್‌ನಿಂದ. ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸುವ ಕೊನೆಯ ಹಂತ ನಡೆಯುವುದೇ ಮೂತ್ರಪಿಂಡದಲ್ಲಿ ಎಂದು ಫ್ರೇಸರ್ ಮತ್ತು ಕೊಡಿಚೆಕ್ ತೋರಿಸಿಕೊಟ್ಟರು. ಕಿಡ್ನಿ ಸೋತರೆ ಆ ರೂಪ ತಯಾರಾಗುವುದಿಲ್ಲ, ಕರುಳು ಆಹಾರದ ಕ್ಯಾಲ್ಸಿಯಂ ಅನ್ನು ಹೀರುವುದು ಕಡಿಮೆಯಾಗುತ್ತದೆ. ಇನ್ನೊಂದು ಕಡೆ ಹೊರಹೋಗಬೇಕಾದ ರಂಜಕ ದೇಹದಲ್ಲೇ ನಿಲ್ಲುತ್ತದೆ. ಎರಡೂ ಸೇರಿ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು ಹಗಲಿರುಳು ಎಬ್ಬಿಸಿ ಕೂರಿಸುತ್ತವೆ, ನಾಲ್ಕೂ ಊದಿಕೊಳ್ಳುತ್ತವೆ, ಅವುಗಳ ಹಾರ್ಮೋನು ಮೂಳೆಯನ್ನು ಕರಗಿಸಿ ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯುತ್ತದೆ. ಮಾರ್ಟೆಲ್‌ನಲ್ಲಿ ಗೆಡ್ಡೆಯಿಂದ ಹೊರಟ ರೋಗ ಕಿಡ್ನಿಯನ್ನು ತಿಂದಿತ್ತು. ಇಲ್ಲಿ ಕಿಡ್ನಿಯಿಂದ ಹೊರಟ ರೋಗ ಗ್ರಂಥಿಯನ್ನು ಹಿಡಿದು ಮೂಳೆಗೆ ಬರುತ್ತದೆ. ದವಡೆಯಲ್ಲಿ ಎರಡರ ಗುರುತೂ ಒಂದೇ.

ಈ ರೋಗ ಪುಸ್ತಕದಿಂದ ವಾರ್ಡಿಗೆ ಬರಲು ಕಾರಣವಾದದ್ದು, ವಿಚಿತ್ರವೆನಿಸಿದರೂ, ಒಂದು ಗೆಲುವು. ಹಿಂದೆ ಕಿಡ್ನಿ ಸೋತವರು ಮೂಳೆ ಸವೆಯುವಷ್ಟು ಕಾಲ ಬದುಕುತ್ತಿರಲಿಲ್ಲ. 1960ರ ಮಾರ್ಚ್‌ನಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್, ರಕ್ತನಾಳಕ್ಕೆ ಖಾಯಂ ಕೂರುವ ಟೆಫ್ಲಾನ್ ಕೊಳವೆ ಹಾಕಿ ಕ್ಲೈಡ್ ಶೀಲ್ಡ್ಸ್ ಎಂಬ ರೋಗಿಗೆ ಡಯಾಲಿಸಿಸ್ ಶುರು ಮಾಡಿದ. ಶೀಲ್ಡ್ಸ್ 11 ವರ್ಷ ಬದುಕಿದ. ಬದುಕಿ ಉಳಿದ ಸಾವಿರಾರು ಜನರ ಮೂಳೆಗಳು ಮುಂದಿನ ದಶಕಗಳಲ್ಲಿ ಮಾತಾಡತೊಡಗಿದವು. ಚಿಕಿತ್ಸೆ ಸರಿಯಾಗಿ ಸಿಗದೆ ಗ್ರಂಥಿಗಳು ವರ್ಷಗಟ್ಟಲೆ ಕೆರಳಿದ್ದರೆ ದವಡೆ, ಕೆನ್ನೆಯ ಮೂಳೆಗಳು ಉಬ್ಬಿ, ಹಲ್ಲುಗಳ ನಡುವೆ ಸಂದು ಬಿದ್ದು, ಮುಖದ ಗುರುತೇ ಸಿಗದಂತಾಗುವುದೂ ಉಂಟು. ಟರ್ಕಿಯ ವೈದ್ಯ ಯಾಹ್ಯಾ ಸಗ್ಲಿಕರ್ 2004ರಲ್ಲಿ ಅಂಥ ರೋಗಿಗಳ ವಿವರ ಪ್ರಕಟಿಸಿದ ಮೇಲೆ ಈ ಸ್ಥಿತಿಗೆ ಅವರದೇ ಹೆಸರು ಅಂಟಿಕೊಂಡಿತು.

ಆದರೆ ವಾರ್ಡಿಗೆ ರೋಗ ಬಂದ ಹೊತ್ತಿಗೆ ದವಡೆಯ ಚಿತ್ರ ಆಟದಿಂದ ಹೊರಬಿದ್ದಿತ್ತು. 1951ರಲ್ಲಿ ಮೇಯೋ ಕ್ಲಿನಿಕ್ಕಿನ ಪ್ಯೂ ಎಂಬ ಎಕ್ಸ್‌ರೇ ತಜ್ಞ ಬೆರಳಿನ ಮೂಳೆಗಳ ಅಂಚು ಸವೆಯುವುದನ್ನು ವಿವರಿಸಿದ. ಅದು ಬಿಳಿ ಗೆರೆಗಿಂತ ನಂಬಲರ್ಹ ಗುರುತು. 1963ರಲ್ಲಿ ಬೆರ್ಸನ್ ಮತ್ತು ರೋಸಲಿನ್ ಯಾಲೊ ಹಾರ್ಮೋನನ್ನೇ ರಕ್ತದಲ್ಲಿ ಅಳೆಯುವ ದಾರಿ ಕಂಡರು. ಬಿಳಿ ಗೆರೆಗೆ ಅದರದೇ ಆದ ದೌರ್ಬಲ್ಯಗಳೂ ಇದ್ದವು. ಕಿರಣ ಸ್ವಲ್ಪ ಓರೆಯಾಗಿ ಬಿದ್ದರೆ ಆರೋಗ್ಯವಂತರಲ್ಲೂ ಗೆರೆ ಮಸುಕಾಗುತ್ತದೆ. ಪ್ಯಾಜೆಟ್ ರೋಗದಲ್ಲಿ, ವಿಟಮಿನ್ ಡಿ ಕೊರತೆಯಲ್ಲಿ ಕೂಡ ಅದು ಅಳಿಯಬಹುದು. ಕಿಡ್ನಿ ರೋಗಿಗಳಲ್ಲೇ ಅನೇಕರಿಗೆ ಗೆರೆ ಗಟ್ಟಿಯಾಗಿ ಉಳಿದಿರುತ್ತದೆ. ಇಂಥ ಸಾಕ್ಷಿಯನ್ನು ಮುಂದಿಟ್ಟುಕೊಂಡು ತೀರ್ಪು ಕೊಡುವುದು ಕಷ್ಟ. ಕಿಡ್ನಿ ವೈದ್ಯರು ಅದನ್ನು ಬದಿಗಿಟ್ಟದ್ದರಲ್ಲಿ ತಪ್ಪೇನೂ ಇಲ್ಲ.

ದವಡೆ ಮರಳಿ ಬಂದದ್ದು ಬೇರೆ ಬಾಗಿಲಿನಿಂದ. ಹೆಲ್ಸಿಂಕಿಯ ದಂತವೈದ್ಯ ಯೂರ್ಯೋ ಪಾಟೆರೊ, ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ, ಬಾಯೊಳಗೆ ಫಿಲ್ಮಿಡುವ ಗೋಜಿಲ್ಲದೆ ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಪ್ರಯೋಗಕ್ಕೆ ಕೂತ. ಜಪಾನಿನ ನುಮಾಟ 1930ರ ದಶಕದಲ್ಲೇ ಇದನ್ನು ಯತ್ನಿಸಿದ್ದ. ಪಾಟೆರೊನ ಯಂತ್ರದಲ್ಲಿ ರೋಗಿ ಅಲ್ಲಾಡದೆ ನಿಲ್ಲುತ್ತಾನೆ, ಕೊಳವೆ ಮತ್ತು ಫಿಲ್ಮು ಅವನ ತಲೆಗೆ ಪ್ರದಕ್ಷಿಣೆ ಹಾಕುತ್ತವೆ. 1961ರ ಸುಮಾರಿಗೆ ಆರ್ಥೊಪ್ಯಾಂಟೊಮೊಗ್ರಾಫ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಎರಡು ವರ್ಷದಲ್ಲಿ ಪಾಟೆರೊ ತೀರಿಕೊಂಡ. ಇಂದು ಕರ್ನಾಟಕದ ಯಾವುದೇ ಜಿಲ್ಲಾ ಕೇಂದ್ರದಲ್ಲಿ ಬುದ್ಧಿಹಲ್ಲು ಕೀಳಿಸಲು ಹೋದವರಿಗೆ ‘ಒಂದು ಓಪಿಜಿ ತೆಗೆಸಿಕೊಂಡು ಬನ್ನಿ’ ಎಂದು ಡಾಕ್ಟರು ಚೀಟಿ ಬರೆದು ಕೊಡುತ್ತಾರಲ್ಲ, ಅದೇ ಇದು.

ಓಪಿಜಿಯಲ್ಲಿ ಹಲ್ಲುಗಳ ಜೊತೆಗೆ ಕೆಳದವಡೆಯ ಅಡಿಯ ಅಂಚೂ ಬೀಳುತ್ತದೆ. ಫಿನ್ಲೆಂಡಿನವನೇ ಆದ ಕ್ಲೆಮೆಟ್ಟಿ ಮತ್ತು ಸಂಗಡಿಗರು 1994ರಲ್ಲಿ ಆ ಅಂಚನ್ನು ನೋಡುವ ಸರಳ ಕ್ರಮ ಕೊಟ್ಟರು: ಒಳ ಅಂಚು ನುಣುಪಾಗಿದ್ದರೆ ಒಂದನೆಯ ದರ್ಜೆ, ಅರ್ಧಚಂದ್ರದಂಥ ಕಚ್ಚುಗಳಿದ್ದರೆ ಎರಡು, ಪದರವೇ ತೂತುಬಿದ್ದು ಜಾಳಾಗಿದ್ದರೆ ಮೂರು. ಗಲ್ಲದ ಬಳಿ ನರ ಹೊರಬರುವ ರಂಧ್ರದ ಕೆಳಗೆ ಈ ಪದರದ ದಪ್ಪ ಅಳೆಯುವ ರೂಢಿಯೂ ಬೆಳೆಯಿತು. 3 ಮಿಲಿಮೀಟರಿಗಿಂತ ತೆಳುವಾದರೆ ಎಚ್ಚರ ವಹಿಸುವುದು. ಜಪಾನಿನ ಹಿರೋಷಿಮಾದಲ್ಲಿ ಅಕಿರಾ ತಗುಚಿಯವರ ತಂಡ, ಯೂರೋಪಿನಲ್ಲಿ ಮ್ಯಾಂಚೆಸ್ಟರ್, ಲ್ಯುವೆನ್, ಮಾಲ್ಮೊ, ಆಮ್‌ಸ್ಟರ್‌ಡ್ಯಾಮ್, ಅಥೆನ್ಸ್ ಸೇರಿ ನಡೆಸಿದ ಆಸ್ಟಿಯೋಡೆಂಟ್ ಯೋಜನೆ ಈ ಅಳತೆಗಳನ್ನು ನೂರಾರು ಹೆಂಗಸರ ಮೇಲೆ ಪರೀಕ್ಷಿಸಿದವು. ಅವರ ಗುರಿ ಮುಟ್ಟು ನಿಂತ ನಂತರದ ಮೂಳೆ ಸವೆತ, ಕಿಡ್ನಿಯಲ್ಲ. ಹಲ್ಲು ತೋರಿಸಲು ಬಂದವರಲ್ಲಿ ಯಾರನ್ನು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಗೆ ಕಳುಹಿಸಬೇಕು ಎಂದು ಸೋಸಿ ತೆಗೆಯುವುದಷ್ಟೇ ಅವರ ಆಸೆ.

ಈ ಮಾಪನಗಳನ್ನು ಆಮೇಲೆ ಡಯಾಲಿಸಿಸ್ ರೋಗಿಗಳ ಓಪಿಜಿಗಳಿಗೆ ಹಚ್ಚಿದವರು ಬಹುಪಾಲು ಬ್ರೆಜಿಲ್, ಟರ್ಕಿ, ಭಾರತದಂಥ ದೇಶಗಳ ದಂತ ಕಾಲೇಜುಗಳವರು. ಆರೋಗ್ಯವಂತರಿಗಿಂತ ಈ ರೋಗಿಗಳ ಅಂಚು ತೆಳು, ಮೂರನೆಯ ದರ್ಜೆಯವರು ಹೆಚ್ಚು ಎಂಬುದು ಮತ್ತೆ ಮತ್ತೆ ಕಂಡ ಸಂಗತಿ. ಮೂಳೆಯ ಒಳಜಾಲರಿಯ ಹೆಣಿಗೆಯನ್ನು ಕಂಪ್ಯೂಟರಿನಿಂದ ಎಣಿಸುವ ಫ್ರ್ಯಾಕ್ಟಲ್ ಲೆಕ್ಕ ಅಷ್ಟು ಒಮ್ಮತ ಕೊಟ್ಟಿಲ್ಲ. ಅಧ್ಯಯನಗಳು ಹೆಚ್ಚಾಗಿ ಸಣ್ಣ ಗುಂಪುಗಳವು. ಹಿಂದೆ ಬಿಳಿ ಗೆರೆ ಎಡವಿದ ಕಲ್ಲು ಇಲ್ಲೂ ಇದೆ: ಕಿಡ್ನಿ ರೋಗದ ಮೂಳೆ ಒಂದೇ ಬಗೆಯಲ್ಲಿ ಕೆಡುವುದಿಲ್ಲ. ಕೆಲವರಲ್ಲಿ ಹಾರ್ಮೋನು ಮೂಳೆಯನ್ನು ಅತಿವೇಗದಲ್ಲಿ ಒಡೆದು ಕಟ್ಟುತ್ತಿರುತ್ತದೆ. ಕೆಲವರಲ್ಲಿ ಚಿಕಿತ್ಸೆ ಹೆಚ್ಚಾಗಿ ಗ್ರಂಥಿ ತಣ್ಣಗಾಗಿ ಮೂಳೆ ಜಡವಾಗಿ ಬಿದ್ದಿರುತ್ತದೆ. ಇಬ್ಬರ ಮದ್ದೂ ಬೇರೆ ಬೇರೆ. ಚಿತ್ರದಲ್ಲಿ ಎರಡನ್ನೂ ಬೇರ್ಪಡಿಸಲಾಗದು. ಸೊಂಟದ ಮೂಳೆಯ ಚೂರು ತೆಗೆದು ನೋಡುವುದೊಂದೇ ಖಚಿತ ದಾರಿ, ಅದಕ್ಕೆ ಒಪ್ಪುವ ರೋಗಿಗಳೂ ಮಾಡುವ ಆಸ್ಪತ್ರೆಗಳೂ ವಿರಳ. ಡೆಕ್ಸಾ ಕೂಡ ಇದೇ ಮಿತಿಯಲ್ಲಿ ನರಳಿದೆ. ಕಿಡ್ನಿ ರೋಗದ ಮಾರ್ಗಸೂಚಿ ಬರೆಯುವ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊ 2009ರಲ್ಲಿ ಅದನ್ನು ವಾಡಿಕೆಯಾಗಿ ಮಾಡಬೇಡಿ ಎಂದಿತ್ತು. 2017ರಲ್ಲಿ, ಫಲಿತಾಂಶದಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಮಾಡಿ ಎಂದು ಸಡಿಲಿಸಿತು.

ದವಡೆಯ ಚಿತ್ರದ ಬಲ ಅದರ ನಿಖರತೆಯಲ್ಲಿಲ್ಲ, ಬೇರೆ ಕಾರಣಕ್ಕೆ ಹೇಗೂ ತೆಗೆಸಿರುತ್ತಾರೆ ಎಂಬುದರಲ್ಲಿದೆ. ಮತ್ತೊಂದು ವಿಷಯದಲ್ಲಿ ಅದಕ್ಕೆ ಡೆಕ್ಸಾಕ್ಕಿಲ್ಲದ ಅನುಕೂಲವಿದೆ. ಓಪಿಜಿಯ ಎರಡೂ ಕೆಳಮೂಲೆಗಳಲ್ಲಿ ಕುತ್ತಿಗೆಯ ಒಂದಿಷ್ಟು ಭಾಗ ಬಂದಿರುತ್ತದೆ. ಅಲ್ಲಿ ಕೆಲವೊಮ್ಮೆ ಕಾಣುವ ಬಿಳಿ ಚುಕ್ಕೆಗಳು ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿಯ ಗೋಡೆಯಲ್ಲಿ ಕೂತ ಕ್ಯಾಲ್ಸಿಯಂ ಎಂದು ಅಮೆರಿಕದ ಫ್ರೀಡ್‌ಲ್ಯಾಂಡರ್ ಮತ್ತು ಲ್ಯಾಂಡ್ 1981ರಲ್ಲಿ ಬರೆದರು. ಕಿಡ್ನಿ ರೋಗಿಗಳಲ್ಲಿ ಮೂಳೆ ಬಡವಾಗುವುದು, ರಕ್ತನಾಳ ಸುಣ್ಣಗಟ್ಟುವುದು ಎರಡೂ ಒಂದೇ ಕೆಟ್ಟ ಲೆಕ್ಕದ ಎರಡು ಬದಿ. ಅವರನ್ನು ಹೆಚ್ಚಾಗಿ ಕೊಲ್ಲುವುದು ಹೃದಯ ಮತ್ತು ರಕ್ತನಾಳಗಳ ಕಾಯಿಲೆ. ತೆಳುವಾದ ದವಡೆಯಂಚು ಮತ್ತು ಕುತ್ತಿಗೆಯ ಬಿಳಿ ಚುಕ್ಕೆ ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಬೀಳುವುದು ಸಾಧ್ಯ.

ಕರ್ನಾಟಕದಲ್ಲಿ ಓಪಿಜಿ ಓದುವವರಿಗೆ ಇನ್ನೊಂದು ತೊಡಕಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಮೂಳೆಯಲ್ಲಿ ಸೇರಿ ಅದನ್ನು ಚಿತ್ರದಲ್ಲಿ ಅಸಹಜವಾಗಿ ದಟ್ಟ ಮಾಡಬಲ್ಲದು. ಫ್ಲೋರೈಡನ್ನು ಹೊರಹಾಕುವುದೂ ಮೂತ್ರಪಿಂಡಗಳೇ. ಅವು ಸೋತವರಲ್ಲಿ ಅದು ಇನ್ನಷ್ಟು ಉಳಿಯುತ್ತದೆ. ಫಿನ್ಲೆಂಡಿನಲ್ಲಿ ಬರೆದ ದರ್ಜೆಗಳನ್ನು ಇಲ್ಲಿನ ರೋಗಿಯ ಮೇಲೆ ಹಚ್ಚುವ ಮುನ್ನ ಯಾವ ಊರಿನ ನೀರು ಕುಡಿಯುತ್ತೀರಿ ಎಂದು ಕೇಳಿಕೊಳ್ಳುವುದು ಒಳ್ಳೆಯದು.

1958ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು, 1965ರಲ್ಲಿ ಮಣಿಪಾಲದಲ್ಲಿ ಇನ್ನೊಂದು ದಂತ ಕಾಲೇಜು ತೆರೆದ ಮೇಲೆ ರಾಜ್ಯದಲ್ಲಿ ಇಂಥ ಕಾಲೇಜುಗಳ ಸಾಲೇ ಬೆಳೆದಿದೆ. ಎಲ್ಲದರಲ್ಲೂ ಓಪಿಜಿ ಯಂತ್ರದ ಮುಂದೆ ದಿನವೂ ಜನ ನಿಲ್ಲುತ್ತಾರೆ. ಡಯಾಲಿಸಿಸ್ ಈಗ ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದಿದೆ. ಕಿಡ್ನಿ ಕಸಿಗೆ ಹೆಸರು ಬರೆಸುವವರು ಬಾಯಲ್ಲಿ ಸೋಂಕಿಲ್ಲವೆಂದು ದಂತವೈದ್ಯರಿಂದ ಚೀಟಿ ತರಬೇಕು, ಅದಕ್ಕಾಗಿ ಓಪಿಜಿ ತೆಗೆಸುವುದು ಸಾಮಾನ್ಯ. ಆ ಚೀಟಿಯಲ್ಲಿ ಹುಳುಕು, ಕೀವು, ಒಸಡಿನ ಸ್ಥಿತಿಯ ಉಲ್ಲೇಖವಿರುತ್ತದೆ. ಕೆಳ ಅಂಚಿನ ದರ್ಜೆಯನ್ನೂ ಅದರಲ್ಲೇ ಒಂದು ಸಾಲಾಗಿ ಬರೆಯಬಹುದು. ಮೂರನೆಯ ದರ್ಜೆ ಬಂದರೆ ಮುಂದೆ ನೋಡಬೇಕಾದದ್ದು ಹೊಸದೇನಲ್ಲ: ರಕ್ತದ ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಪ್ಯಾರಾಥೈರಾಯ್ಡ್ ಹಾರ್ಮೋನು.